ಹಳೇ ತಂಬಾಕು ಪೈಪ್: ಮೊದಲು ವಯಸ್ಸು ಓದಿ, ಆಮೇಲೆ ಕೊಳೆ ತೆಗೆಯಿರಿ

ಹಳೇ ಪೈಪ್ ಕೈಗೆ ಸಿಕ್ಕ ತಕ್ಷಣ ಬಟ್ಟೆ, ಬ್ರಷ್ಷು ಹುಡುಕಲು ಹೋಗಬೇಡಿ. ಪೈಪಿನ ವಯಸ್ಸು ಹೇಳುವ ಗುರುತುಗಳೆಲ್ಲ ಅದರ ಮೈಮೇಲೆಯೇ ಇರುತ್ತವೆ. ಅವುಗಳ ಆಳ ಬಹಳ ಕಡಿಮೆ. ಎರಡು ನಿಮಿಷ ಸ್ಯಾಂಡ್‌ಪೇಪರ್ ಆಡಿಸಿದರೆ ಸಾಕು, ಅಳಿದು ಹೋಗುತ್ತವೆ, ಮತ್ತೆ ಬರುವುದಿಲ್ಲ. ಪಳಪಳ ಹೊಳೆಯುವ, ಆದರೆ ಮುದ್ರೆ ಸವೆದು ಹೋದ ಪೈಪ್‌ಗಳು ಸಂಗ್ರಹಕಾರರ ಕೈಯಲ್ಲಿ ಬೇಕಾದಷ್ಟಿವೆ. ಯಾರು ಮಾಡಿದ್ದು, ಯಾವಾಗ ಮಾಡಿದ್ದು ಅಂತ ಕೇಳಿದರೆ ಉತ್ತರವಿಲ್ಲ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ವಯಸ್ಸು ಓದುವ ಕೆಲಸ ಮೊದಲು, ಶುಚಿ ಮಾಡುವ ಕೆಲಸ ಆಮೇಲೆ.

ತಂಬಾಕು ಆರೋಗ್ಯಕ್ಕೆ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಇಲ್ಲಿ ಹೇಳುತ್ತಿರುವುದು ಸೇದುವುದರ ಬಗ್ಗೆ ಅಲ್ಲ, ಒಂದು ಹಳೆಯ ಕೈಕೆಲಸದ ವಸ್ತುವನ್ನು ಉಳಿಸಿಕೊಳ್ಳುವುದರ ಬಗ್ಗೆ.

ಮುಂದೆ ಮತ್ತೆ ಮತ್ತೆ ಬರುವ ಕೆಲವು ಹೆಸರುಗಳು: ತಂಬಾಕು ತುಂಬುವ ಬಟ್ಟಲಿಗೆ ಬೌಲ್, ಅದರ ಬಾಯಂಚಿಗೆ ರಿಮ್, ಬೌಲ್‌ನಿಂದ ಹೊರಟ ಮರದ ಕೊಳವೆಗೆ ಶ್ಯಾಂಕ್, ಬಾಯಿಗೆ ಹೋಗುವ ಭಾಗಕ್ಕೆ ಸ್ಟೆಮ್. ಸ್ಟೆಮ್ಮಿನ ತುದಿಯಲ್ಲಿ ಶ್ಯಾಂಕ್ ಒಳಗೆ ಕೂರುವ ಸಣ್ಣ ಮೂತಿಗೆ ಟೆನನ್ ಎನ್ನುತ್ತಾರೆ.

ಮುದ್ರೆ ಓದುವುದು

ಶ್ಯಾಂಕ್‌ನ ಎರಡೂ ಬದಿ ಮತ್ತು ತಳ ನೋಡಿ. ನೇರ ಬೆಳಕಿನಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಕೋಣೆಯ ಬೆಳಕು ತಗ್ಗಿಸಿ, ಟಾರ್ಚನ್ನು ಮರಕ್ಕೆ ತಾಗಿದಂತೆ ಅಡ್ಡಲಾಗಿ ಹಿಡಿಯಿರಿ. ತಗ್ಗಿನಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. 10 ಪಟ್ಟು ದೊಡ್ಡದು ಮಾಡುವ ಲೂಪ್ ಇದ್ದರೆ ಒಳ್ಳೆಯದು. ಪೈಪನ್ನು ನಿಧಾನವಾಗಿ ತಿರುಗಿಸುತ್ತಾ ಬೇರೆ ಬೇರೆ ಕೋನದಿಂದ ಫೋಟೋ ತೆಗೆಯಿರಿ. ಕಣ್ಣಿಗೆ ಕಾಣದ ಅಕ್ಷರ ಎಷ್ಟೋ ಸಲ ಫೋಟೋದಲ್ಲಿ ಸಿಗುತ್ತದೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳಿ. ಅಕ್ಷರದ ಶೈಲಿ, ಸಾಲುಗಳ ಜೋಡಣೆ, ವೃತ್ತದೊಳಗೆ ಇದೆಯೇ, ನೇರ ಸಾಲಿನಲ್ಲಿದೆಯೇ, ಎಲ್ಲವೂ ಮುಖ್ಯ.

ಮೊದಲು ಹುಡುಕಬೇಕಾದದ್ದು ದೇಶದ ಹೆಸರು. ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ ಆಮದು ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರು ಇರಲೇಬೇಕು ಎಂದಿತು. ಹಾಗಾಗಿ ಹೊರದೇಶಕ್ಕೆ ಮಾರಾಟವಾಗುತ್ತಿದ್ದ ಪೈಪ್ ಮೇಲೆ ದೇಶದ ಹೆಸರಿದ್ದರೆ ಅದು ಬಹುತೇಕ 1891ರ ಈಚಿನದು. ಹೆಸರಿಲ್ಲ ಅಂದ ಮಾತ್ರಕ್ಕೆ ಅದಕ್ಕಿಂತ ಹಳೆಯದು ಅಂತ ಹೇಳುವಂತಿಲ್ಲ. ತಮ್ಮ ದೇಶದಲ್ಲೇ ಮಾರುವ ಪೈಪಿಗೆ ಅದರ ಅಗತ್ಯ ಇರಲಿಲ್ಲ.

ದೇಶದ ಹೆಸರಿನಿಂದಲೇ ಕಾಲ ಹೇಳಿಬಿಡಬಹುದಾದ ಒಳ್ಳೆಯ ಉದಾಹರಣೆ ಡಬ್ಲಿನ್‌ನ ಪೈಪ್ ಕಂಪನಿ ಪೀಟರ್ಸನ್. ಐರ್ಲೆಂಡಿನ ರಾಜಕೀಯ ಇತಿಹಾಸವೆಲ್ಲ ಈ ಪೈಪ್‌ಗಳ ಶ್ಯಾಂಕ್ ಮೇಲೆ ಇದೆ. 'ಐರಿಷ್ ಫ್ರೀ ಸ್ಟೇಟ್' ಅಂತಿದ್ದರೆ ಆ ರಾಜ್ಯ ಇದ್ದ 1922ರಿಂದ 1937ರ ಕಾಲ. ಹೊಸ ಸಂವಿಧಾನ ಬಂದು ದೇಶದ ಹೆಸರು 'ಏರಾ' (Eire) ಆದ ಮೇಲೆ ಮುದ್ರೆಯೂ ಬದಲಾಯಿತು. 'ರಿಪಬ್ಲಿಕ್ ಆಫ್ ಐರ್ಲೆಂಡ್' ಅಂತಿದ್ದರೆ 1949 ಅಥವಾ ಆಮೇಲೆ. ಒಂದು ಎಚ್ಚರಿಕೆ: ಕಾರ್ಖಾನೆಯಲ್ಲಿ ಹಳೇ ಅಚ್ಚು ಒಂದೇ ದಿನದಲ್ಲಿ ಮೂಲೆ ಸೇರುವುದಿಲ್ಲ. ಗಡಿಯ ವರ್ಷಗಳಲ್ಲಿ ಒಂದೆರಡು ವರ್ಷ ಹಿಂದೆ ಮುಂದೆ ಆಗಬಹುದು.

ಡನ್‌ಹಿಲ್‌ನದು ಇನ್ನೂ ನಿಖರ. ಆಲ್ಫ್ರೆಡ್ ಡನ್‌ಹಿಲ್ 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟ್‌ನಲ್ಲಿ ಅಂಗಡಿ ತೆರೆದರು, 1910ರಲ್ಲಿ ಸ್ವಂತ ಪೈಪ್ ತಯಾರಿಕೆ ಶುರು ಮಾಡಿದರು. 1920ರ ದಶಕದ ಆರಂಭದಿಂದ 'ಮೇಡ್ ಇನ್ ಇಂಗ್ಲೆಂಡ್' ಪಕ್ಕದಲ್ಲಿ ಒಂದು ಪುಟ್ಟ ಅಂಕಿ ಒತ್ತಲಾಯಿತು. ಬೌಲಿಗೆ ಒಂದು ವರ್ಷದ ಗ್ಯಾರಂಟಿ ಇತ್ತು, ಅದರ ಲೆಕ್ಕಕ್ಕೆ ಈ ಅಂಕಿ. ನಮಗೆ ಅದು ಪುಕ್ಕಟೆ ಜನ್ಮಪತ್ರಿಕೆ. ತೊಡಕು ಏನೆಂದರೆ ಒಂದೇ ಅಂಕಿ ಬೇರೆ ಬೇರೆ ದಶಕಗಳಲ್ಲಿ ಮತ್ತೆ ಬರುತ್ತದೆ. 3 ಅಂತಿದ್ದರೆ 1923 ಆಗಬಹುದು, 1953 ಆಗಬಹುದು, 1963 ಕೂಡ ಆಗಬಹುದು. ಆಗ ಉಳಿದ ಮುದ್ರೆಗಳು ಸಹಾಯಕ್ಕೆ ಬರುತ್ತವೆ. ಪೇಟೆಂಟ್ ಸಂಖ್ಯೆಯೂ ಇದ್ದರೆ 1963ನ್ನು ಕೈಬಿಡಿ, ಏಕೆಂದರೆ ಪೇಟೆಂಟ್ ಸಂಖ್ಯೆ ಒತ್ತುವುದು 1950ರ ದಶಕದ ಮಧ್ಯಕ್ಕೆ ನಿಂತುಹೋಯಿತು. ವೃತ್ತದೊಳಗೆ ಗಾತ್ರದ ಅಂಕಿ, ಪಕ್ಕದಲ್ಲಿ ಒಂದು ಅಕ್ಷರ ಇದ್ದರೆ 1923 ಅಲ್ಲ, ಆ ಪದ್ಧತಿ ಬಂದದ್ದು 1950ರ ದಶಕದಲ್ಲಿ. 1960ರ ನಂತರ ಲೆಕ್ಕ ಸುಲಭ: ಅಂಕಿಯನ್ನು 1960ಕ್ಕೆ ಕೂಡಿಸಿ. 17 ಅಂದರೆ 1977.

ಎಲ್ಲ ತಯಾರಕರೂ ಇಷ್ಟು ಉಪಕಾರ ಮಾಡಿಲ್ಲ. ಉಳಿದವರಲ್ಲಿ ಸಣ್ಣ ಸಣ್ಣ ಸುಳಿವು ಸೇರಿಸಬೇಕು. ಲಂಡನ್ನಿನ ಕಾಮಾಯ್ಸ್ ಪೈಪಿನ ಸ್ಟೆಮ್ ಮೇಲಿನ 'ಸಿ' ಅಕ್ಷರವನ್ನು ಲೂಪ್ ಇಟ್ಟು ನೋಡಿ. ಹಳೆಯದರಲ್ಲಿ ಅದು ಮೂರು ತುಂಡು ಕೂಡಿಸಿ ಕೂರಿಸಿದ ಕೆಲಸ, ಈಚಿನದರಲ್ಲಿ ಬರೀ ಒತ್ತಿದ ಗುರುತು. ಅಮೆರಿಕದ ಕೇವುಡಿ ಹೆಸರು ಶುರುವಾದದ್ದು 1919ರಲ್ಲಿ. ಹಾಗಾಗಿ ಅದಕ್ಕಿಂತ ಹಳೆಯ ಕೇವುಡಿ ಅಂತ ಯಾರಾದರೂ ಮಾರಲು ಬಂದರೆ ನಕ್ಕು ಮುಂದೆ ಹೋಗಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಮೆಡಿಟರೇನಿಯನ್ ಕಡೆಯಿಂದ ಬ್ರಯರ್ ಬೇರು, ಅಂದರೆ ಪೈಪ್ ಕೆತ್ತುವ ಗಟ್ಟಿ ಮರ, ಅಮೆರಿಕಕ್ಕೆ ಬರುವುದು ನಿಂತಿತ್ತು. ಆಗ ಮ್ಯಾಂಜನೀಟಾ ಮರದ ಗಂಟನ್ನು 'ಮಿಷನ್ ಬ್ರಯರ್' ಎಂಬ ಹೆಸರಿನಲ್ಲಿ ಬಳಸಿದರು. ಆ ಹೆಸರು ಕಂಡರೆ ಕಾಲ ತಾನಾಗಿಯೇ ಗೊತ್ತಾಗುತ್ತದೆ.

ಬೆಳ್ಳಿ ಪಟ್ಟಿ ಇದ್ದರೆ

ಶ್ಯಾಂಕ್ ತುದಿಯಲ್ಲಿ ಬೆಳ್ಳಿ ಪಟ್ಟಿ ಇದ್ದರೆ ಅದೃಷ್ಟ. ಬ್ರಿಟಿಷ್ ಬೆಳ್ಳಿಗೆ ಹಾಲ್‌ಮಾರ್ಕ್ ಇರುತ್ತದೆ: ನಡೆಯುತ್ತಿರುವ ಸಿಂಹ ಅಂದರೆ ಸ್ಟರ್ಲಿಂಗ್ ಬೆಳ್ಳಿ, ಲಂಗರು ಅಂದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ಮುಖ ಅಂದರೆ ಲಂಡನ್. ಮೂರು ಗೋಧಿ ಸಿವುಡು ಮತ್ತು ಕತ್ತಿ ಇದ್ದರೆ ಚೆಸ್ಟರ್. ಹಾಲ್‌ಮಾರ್ಕ್ ಒತ್ತುತ್ತಿದ್ದ ಅಲ್ಲಿನ ಕಚೇರಿ 1962ರಲ್ಲಿ ಮುಚ್ಚಿತು. ಇವುಗಳ ಜೊತೆ ವರ್ಷ ಹೇಳುವ ಒಂದು ಅಕ್ಷರ ಇರುತ್ತದೆ. ಪ್ರತಿ ಊರಿನ ಅಕ್ಷರಮಾಲೆ ಬೇರೆ, ಅಕ್ಷರದ ಶೈಲಿ ಮತ್ತು ಸುತ್ತಲಿನ ಚೌಕಟ್ಟು ಕೂಡ ಬೇರೆ. ಹಾಲ್‌ಮಾರ್ಕ್ ಕೋಷ್ಟಕದೊಂದಿಗೆ ಹೋಲಿಸುವಾಗ ಮೂರನ್ನೂ ಹೊಂದಿಸಿ ನೋಡಿ.

ಪೀಟರ್ಸನ್‌ನ ನಿಕಲ್ ಪಟ್ಟಿಗಳ ಮೇಲೆ ಶ್ಯಾಮ್‌ರಾಕ್ ಎಲೆ, ನಾಯಿ, ಗೋಪುರ ಕಾಣುತ್ತವೆ. ನೋಡಲು ಹಾಲ್‌ಮಾರ್ಕ್ ಥರವೇ ಇದ್ದರೂ ಅವು ಬರೀ ಅಲಂಕಾರ. ಅದರಿಂದ ವರ್ಷ ತಿಳಿಯುವುದಿಲ್ಲ.

ಇನ್ನೊಂದು ವಿಷಯ. ಶ್ಯಾಂಕ್ ಸೀಳಿದಾಗ ರಿಪೇರಿಗಾಗಿ ಪಟ್ಟಿ ಹಾಕುವುದು ಹಳೇ ಪದ್ಧತಿ. ಪಟ್ಟಿ ಮರದ ಮುದ್ರೆಯ ಅಕ್ಷರವನ್ನು ಅರ್ಧ ಮುಚ್ಚಿದ್ದರೆ ಅದು ಆಮೇಲೆ ಬಂದದ್ದು. ಆಗ ಬೆಳ್ಳಿಯ ವರ್ಷ ರಿಪೇರಿಯ ವರ್ಷ, ಪೈಪಿನ ವರ್ಷ ಅಲ್ಲ.

ಸ್ಟೆಮ್ ಹೇಳುವ ಕಥೆ

ಬಾಯಿಗೆ ಹೋಗುವ ತುದಿಯಲ್ಲಿ ರಂಧ್ರ ಹೇಗಿದೆ ನೋಡಿ. ಉದ್ದ ಸೀಳಿನ ಬದಲು ಸಣ್ಣ ದುಂಡು ತೂತು ಇದ್ದರೆ ಸಾಮಾನ್ಯವಾಗಿ ಮೊದಲ ಮಹಾಯುದ್ಧದ ಆಸುಪಾಸಿನ ಅಥವಾ ಅದಕ್ಕಿಂತ ಹಿಂದಿನ ಕೆಲಸ. ಟೆನನ್ ಜಾಗದಲ್ಲಿ ಮೂಳೆಯ ಸ್ಕ್ರೂ ಇದ್ದರೂ ಅದೇ ಕಾಲದ ಕಡೆಗೆ ಬೊಟ್ಟು ಮಾಡುತ್ತದೆ. ಪಾಚಿ ಬಣ್ಣಕ್ಕೆ ತಿರುಗಿದ ಕಪ್ಪು ಸ್ಟೆಮ್ ವಲ್ಕನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದರೆ ಗಂಧಕದ ವಾಸನೆ ಬರುತ್ತದೆ. ಬೇಕಲೈಟ್ ಎಂಬ ಹಳೇ ಪ್ಲಾಸ್ಟಿಕ್ ಆದರೆ 1907ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ, ಅದನ್ನು ರಸಾಯನ ವಿಜ್ಞಾನಿ ಬೇಕ್‌ಲ್ಯಾಂಡ್ ಕಂಡುಹಿಡಿದದ್ದೇ ಆ ವರ್ಷ. ಆದರೆ ಸ್ಟೆಮ್ ಒಂದನ್ನೇ ನಂಬಬೇಡಿ. ಪೈಪಿನಲ್ಲಿ ಮೊದಲು ಹಾಳಾಗುವುದು, ಮೊದಲು ಬದಲಾಗುವುದು ಅದೇ. ಶ್ಯಾಂಕ್ ಜೊತೆ ಅಂಚು ಸರಿಯಾಗಿ ಕೂರದಿದ್ದರೆ, ತಯಾರಕರ ಗುರುತು ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ, ಬದಲಿ ಸ್ಟೆಮ್ ಎಂದೇ ತಿಳಿಯಿರಿ.

ಬಿಚ್ಚುವುದು, ಪರೀಕ್ಷಿಸುವುದು

ಹಳೇ ಜಿಡ್ಡಿನಿಂದ ಸ್ಟೆಮ್ ಅಂಟಿಕೊಂಡಿರುತ್ತದೆ. ಬೌಲ್ ಹಿಡಿದು ತಿರುಚಿದರೆ ಶ್ಯಾಂಕ್ ಮುರಿಯುವ ಸಾಧ್ಯತೆ ಇದೆ. ಶ್ಯಾಂಕನ್ನೇ ಬಿಗಿಯಾಗಿ ಹಿಡಿದು, ಸ್ಟೆಮ್ಮನ್ನು ಕೂಡುವ ಜಾಗಕ್ಕೆ ಹತ್ತಿರದಲ್ಲಿ ಹಿಡಿದು, ಒಂದೇ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಬರದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ವಲ್ಕನೈಟ್ ಮರಕ್ಕಿಂತ ಜಾಸ್ತಿ ಕುಗ್ಗುತ್ತದೆ, ಟೆನನ್ ಸಡಿಲವಾಗುತ್ತದೆ. ಹೊರತೆಗೆದ ಮೇಲೆ ಒಂದೆರಡು ನಿಮಿಷದೊಳಗೆ ಪ್ರಯತ್ನಿಸಿ. ಅಂಬರ್ (ಕಲ್ಲಾದ ಮರದ ಅಂಟು) ಸ್ಟೆಮ್ ಆದರೆ ಈ ಆಟ ಬೇಡ, ಅದು ಬಹಳ ಬೇಗ ಬಿರುಕು ಬಿಡುತ್ತದೆ. ಮೂಳೆಯ ಸ್ಕ್ರೂ ಇರುವ ಪೈಪಿನಲ್ಲಿ ಎಳೆಯಬೇಡಿ, ತಿರುವಿ ಬಿಚ್ಚಿ.

ಬೌಲ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಒಳಗೋಡೆಯನ್ನು ಸೂಜಿಯಿಂದ ಕುಟ್ಟಿದಾಗ ಎಲ್ಲಾದರೂ ಇದ್ದಿಲಿನ ಥರ ಪುಡಿಯಾದರೆ ಅಲ್ಲಿ ಮರ ಸುಟ್ಟಿದೆ. ಅದೇ ಜಾಗದಲ್ಲಿ ಹೊರಗೂ ಕಪ್ಪು ಮಚ್ಚೆ ಇದ್ದರೆ ಆ ಪೈಪ್ ಇನ್ನು ಪ್ರದರ್ಶನಕ್ಕೆ ಮಾತ್ರ.

ಬೌಲ್ ಒಳಗಿನ ಕೇಕ್

ಉರಿದ ತಂಬಾಕು ವರ್ಷಗಟ್ಟಲೆ ಕೂತು ಗಟ್ಟಿಯಾದ ಕಾರ್ಬನ್ ಪದರಕ್ಕೆ ಕೇಕ್ ಎನ್ನುತ್ತಾರೆ. ತೆಳ್ಳಗಿದ್ದರೆ ಅದು ಮರಕ್ಕೆ ರಕ್ಷಣೆ. ದಪ್ಪವಾದರೆ ಬಿಸಿಗೆ ಹಿಗ್ಗಿ ಬೌಲನ್ನೇ ಸೀಳುತ್ತದೆ. 1 ಮಿಲಿಮೀಟರಿನಷ್ಟು ಸಮನಾಗಿ ಉಳಿಸಿ, ಬಾಕಿ ತೆಗೆಯಿರಿ. ಬಿರುಕಿನ ಅನುಮಾನ ಇದ್ದರೆ ಮಾತ್ರ ಬರೀ ಮರದವರೆಗೆ ಹೋಗಿ.

ಇದಕ್ಕೆ ರೀಮರ್ ಎಂಬ ಉಪಕರಣ ಸಿಗುತ್ತದೆ. ಸಣ್ಣ ಅಳತೆಯಿಂದ ಶುರು ಮಾಡಿ ದೊಡ್ಡದಕ್ಕೆ ಹೋಗಿ. ಒತ್ತಡ ಹಾಕದೆ, ಸುಮ್ನೆ ತಿರುಗಿಸುತ್ತಾ ಹೋದರೆ ಕೇಕ್ ಪುಡಿಯಾಗಿ ಉದುರುತ್ತದೆ. ಚೂಪು ಮೊನೆಯ ಚಾಕು ಬೇಡ, ಗೋಡೆಗೆ ಗೀರು ಬೀಳುತ್ತದೆ, ತಳದ ಹೊಗೆ ರಂಧ್ರ ಹಿಗ್ಗುತ್ತದೆ. ಕೊನೆಗೆ ಬೆರಳು ಗಾತ್ರದ ಕೋಲಿಗೆ 220 ನಂಬರಿನ ಸ್ಯಾಂಡ್‌ಪೇಪರ್ ಸುತ್ತಿ ಒಳಗೋಡೆ ಸಮ ಮಾಡಿ. ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ.

ಒಳದಾರಿಯ ಜಿಡ್ಡು

ಹಳೇ ಪೈಪಿನ ದುರ್ವಾಸನೆಯೆಲ್ಲ ಶ್ಯಾಂಕ್ ಒಳಗೆ ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್, 91 ಪ್ರತಿಶತ ಅಥವಾ ಅದಕ್ಕಿಂತ ಗಟ್ಟಿಯದು, ಇದಕ್ಕೆ ಸಾಕು. ಮೆಥನಾಲ್ ಬೆರೆಸಿದ ಸ್ಪಿರಿಟ್ ಬೇಡ, ಅದು ವಿಷ. ಪೈಪ್ ಕ್ಲೀನರ್ ಅದ್ದಿ ಒಳಗೆ ಆಡಿಸಿ. ಟೆನನ್ ಕೂರುವ ಗುಂಡಿಗೆ ಇಯರ್‌ಬಡ್ ಸರಿ. ಕಪ್ಪಗೆ ಬರುತ್ತದೆ, ಆಮೇಲೆ ಕಂದು, ಆಮೇಲೆ ಹಳದಿ. ಬಿಳಿ ಬರುವವರೆಗೂ ಬಿಡಬೇಡಿ. ತಾಳ್ಮೆ ಬೇಡುವ ಕೆಲಸ ಇದೇ, ಮತ್ತು ಬಹಳ ಜನ ಅರ್ಧಕ್ಕೆ ಬಿಡುವುದೂ ಇಲ್ಲೇ.

ಆದರೂ ವಾಸನೆ ಹೋಗದಿದ್ದರೆ ರಾತ್ರಿಯಿಡೀ ನೆನೆಸುವ ಉಪಾಯ ಇದೆ:

1. ಸ್ಟೆಮ್ ತೆಗೆದಿಟ್ಟು, ಶ್ಯಾಂಕ್ ಬಾಯಿಯಿಂದ ಒಳಗೆ ಹತ್ತಿಯ ಬತ್ತಿ ತೂರಿಸಿ.
2. ಬೌಲಿಗೆ ಹತ್ತಿ ತುಂಬಿ, ರಿಮ್ಮಿಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿ.
3. ಪೈಪನ್ನು ನೆಟ್ಟಗೆ ಆನಿಸಿಟ್ಟು, ಡ್ರಾಪರ್‌ನಿಂದ ಹನಿ ಹನಿಯಾಗಿ ಆಲ್ಕೊಹಾಲ್ ಬಿಡಿ. ಹತ್ತಿ ಒದ್ದೆಯಾದರೆ ಸಾಕು.
4. ಬೆಳಿಗ್ಗೆ ಹತ್ತಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ತೆಗೆದು, ಕ್ಲೀನರ್ ಮತ್ತೊಮ್ಮೆ ಆಡಿಸಿ, ಕೆಲವು ದಿನ ಗಾಳಿಗೆ ಒಣಗಿಸಿ.

ಕೆಲವರು ಹತ್ತಿಯ ಬದಲು ಉಪ್ಪು ತುಂಬುತ್ತಾರೆ. ಉಪ್ಪು ಶ್ಯಾಂಕ್ ಒಳಗೆ ಉಳಿದರೆ ತೇವ ಎಳೆಯುತ್ತದೆ, ನನಗೆ ಹತ್ತಿಯೇ ಇಷ್ಟ. ಆಲ್ಕೊಹಾಲ್ ಹೊರಗೆ ಒಂದು ಹನಿಯೂ ಬೀಳಬಾರದು. ಹಳೇ ಪೈಪಿನ ಶೆಲ್ಯಾಕ್ (ಅರಗಿನ ಮೆರುಗು) ಮತ್ತು ಬಣ್ಣ ಎರಡೂ ಅದರಲ್ಲಿ ಕರಗುತ್ತವೆ. ಹತ್ತಿರದಲ್ಲಿ ಬೆಂಕಿ ಇರಲೇಬಾರದು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಮರದ ಹೊರಮೈ

ಮೃದು ಸೋಪನ್ನು ಬಟ್ಟೆಗೆ ಹಾಕಿ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ತೇವ ತೆಗೆಯಿರಿ. ಗೀರುಗೀರಾದ ಸ್ಯಾಂಡ್‌ಬ್ಲಾಸ್ಟ್ ಮೈಗೆ ಹಳೇ ಟೂತ್‌ಬ್ರಷ್ ಸರಿ. ನೀರಲ್ಲಿ ಮುಳುಗಿಸಬೇಡಿ. ರಿಮ್ ಮೇಲಿನ ಕಪ್ಪು ಟಾರಿಗೆ ಅತ್ಯುತ್ತಮ ಔಷಧಿ ಎಂಜಲು. ಕೇಳಲು ಅಸಹ್ಯ, ಕೆಲಸ ಮಾತ್ರ ಪಕ್ಕಾ. ಇಯರ್‌ಬಡ್ ಒದ್ದೆ ಮಾಡಿ ಉಜ್ಜುತ್ತಾ ಹೋಗಿ. ರಿಮ್ ನಿಜವಾಗಿ ಸುಟ್ಟಿದ್ದರೆ ಸಮತಟ್ಟಾದ ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಇಟ್ಟು, ಬೌಲನ್ನು ತಲೆಕೆಳಗೆ ಮಾಡಿ ವೃತ್ತಾಕಾರದಲ್ಲಿ ಉಜ್ಜುವುದುಂಟು. ಅದು ಪೈಪಿನ ಎತ್ತರವನ್ನೇ ತಗ್ಗಿಸುತ್ತದೆ. ಬೇರೆ ದಾರಿ ಇಲ್ಲದಾಗ ಮಾತ್ರ ಮಾಡಿ.

ನೆಗ್ಗು ಬಿದ್ದ ಜಾಗಕ್ಕೆ ಹಬೆ ಕೊಡಬಹುದು. ಒದ್ದೆ ಬಟ್ಟೆ ಇಟ್ಟು, ಒಲೆಯಲ್ಲಿ ಕಾಯಿಸಿದ ಮೊಂಡು ಚಾಕುವನ್ನು ಅದರ ಮೇಲೆ ಒತ್ತಿ. ಒತ್ತಿಹೋದ ನಾರು ನೀರು ಕುಡಿದು ಉಬ್ಬುತ್ತದೆ, ನೆಗ್ಗು ಮೇಲೆ ಬರುತ್ತದೆ. ಇಲ್ಲೇ ಒಂದು ಅಪಾಯ ಅಡಗಿದೆ. ಮುದ್ರೆ ಕೂಡ ಒತ್ತಿಹೋದ ನಾರೇ ತಾನೇ? ಅದಕ್ಕೆ ಹಬೆ ತಾಗಿದರೆ ಅಕ್ಷರವೂ ಉಬ್ಬಿ ಮಾಯವಾಗುತ್ತದೆ. ಮುದ್ರೆಯ ಪಕ್ಕದ ನೆಗ್ಗನ್ನು ಹಾಗೇ ಬಿಡುವುದು ಜಾಣತನ.

ಶ್ಯಾಂಕ್ ಸೀಳಿದ್ದರೆ ಸೀಳು ಎಲ್ಲಿ ಕೊನೆಯಾಗುತ್ತದೆ ಅಂತ ಲೂಪ್‌ನಲ್ಲಿ ಹುಡುಕಿ, ಆ ತುದಿಯಲ್ಲಿ 1 ಮಿಲಿಮೀಟರಿಗಿಂತ ಸಣ್ಣ ಬಿಟ್‌ನಿಂದ ತೂತು ಕೊರೆಯಿರಿ. ಸೀಳು ಅಲ್ಲಿಂದ ಮುಂದೆ ಓಡುವುದಿಲ್ಲ. ಆಮೇಲೆ ತೆಳು ಸೂಪರ್‌ಗ್ಲೂ ಬಿಟ್ಟು, ಬ್ರಯರ್ ಪುಡಿ ತುಂಬಿ, ಕ್ಲ್ಯಾಂಪ್ ಹಾಕಿ.

ವಲ್ಕನೈಟ್ ಸ್ಟೆಮ್

ಬೆಳಕು ಮತ್ತು ತೇವಕ್ಕೆ ವಲ್ಕನೈಟಿನ ಗಂಧಕ ಮೇಲೆ ಬಂದು ಮೈ ಪಾಚಿಗಟ್ಟುತ್ತದೆ. ಈ ಪದರ ತೆಗೆಯದೆ ಪಾಲಿಶ್ ಮಾಡಿದರೆ ಹೊಳೆಯುವ ಕಂದು ಸ್ಟೆಮ್ ಸಿಗುತ್ತದೆ ಅಷ್ಟೇ. ಮೊದಲು ಸ್ಟೆಮ್ ಮೇಲಿನ ಲೋಗೋಗೆ ವ್ಯಾಸಲೀನ್ ಹಚ್ಚಿ. ಆಮೇಲೆ ಆಕ್ಸಿಜನ್ ಬ್ಲೀಚ್ ಪುಡಿ ಕರಗಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ಗಂಟೆ ನೆನೆಸಿ. ಪಾಚಿ ಮೆದುವಾಗುತ್ತದೆ. ಕುದಿನೀರು ಬೇಡ, ಬಣ್ಣ ಇನ್ನಷ್ಟು ಕೆಡುತ್ತದೆ. ಕ್ಲೋರಿನ್ ಬ್ಲೀಚ್ ಮೈಯನ್ನು ತಿಂದು ಗುಳಿ ಮಾಡುತ್ತದೆ.

ಹಲ್ಲಿನ ಗುರುತು ಇದ್ದರೆ ಲೈಟರ್ ಜ್ವಾಲೆಯನ್ನು ದೂರದಿಂದ, ನಿಲ್ಲಿಸದೆ ಆಡಿಸಿ. ವಲ್ಕನೈಟಿಗೆ ತನ್ನ ಹಳೇ ಆಕಾರ ನೆನಪಿರುತ್ತದೆ, ಬಿಸಿ ತಾಗಿದಾಗ ನೆಗ್ಗು ತಾನೇ ಏಳುತ್ತದೆ. ಉಳಿದ ಗುಳಿಗೆ ಇದ್ದಿಲು ಪುಡಿ ಕಲಸಿದ ಸೂಪರ್‌ಗ್ಲೂ ತುಂಬಿ ಒಣಗಲು ಬಿಡಿ.

ನಂತರ 400, 600, 1000, 2000 ನಂಬರಿನ ಕಾಗದದಿಂದ ನೀರು ಹಾಕಿ ಉಜ್ಜಿ. ಪ್ರತಿ ಹಂತದಲ್ಲೂ ಹಿಂದಿನ ಗೀರು ಪೂರ್ತಿ ಹೋಗಿದೆಯೇ ನೋಡಿ, ಇಲ್ಲದಿದ್ದರೆ ಮುಂದಕ್ಕೆ ಹೋಗಬೇಡಿ. ಮೈಕ್ರೋಮೆಶ್ ಪ್ಯಾಡ್ ಬಳಸುವುದಾದರೆ 1500ರಿಂದ 12000ವರೆಗೆ ಒಂಬತ್ತು ಹಂತ. ಅದರ 1500 ಸಾಮಾನ್ಯ ಸ್ಯಾಂಡ್‌ಪೇಪರಿನ 1500ಕ್ಕಿಂತ ಒರಟು, ಗೊಂದಲ ಬೇಡ. ಸ್ಟೆಮ್ ಶ್ಯಾಂಕಿಗೆ ಕೂಡುವ ಅಂಚು ದುಂಡಗಾಗಬಾರದು. ಅದಕ್ಕೆ ಟೆನನ್ನಿಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿಸಿ ಉಜ್ಜಿ.

ಅಕ್ರಿಲಿಕ್ ಸ್ಟೆಮ್ ಪಾಚಿಗಟ್ಟುವುದಿಲ್ಲ, ಆದರೆ ಆಲ್ಕೊಹಾಲ್ ತಾಗಿದರೆ ಒಳಗೆ ಜೇಡನ ಬಲೆಯಂತೆ ಬಿರುಕು ಬಿಡುತ್ತದೆ. ಸೋಪು ನೀರು ಸಾಕು.

ಹೊಳಪು

ಬಫಿಂಗ್ ಚಕ್ರ ಇದ್ದರೆ ಟ್ರಿಪೊಲಿ, ವೈಟ್ ಡೈಮಂಡ್ ಎಂಬ ಪಾಲಿಶ್ ಮಸಾಲೆಗಳು, ಕೊನೆಗೆ ಕಾರ್ನೌಬಾ ಮೇಣ ಅನ್ನುವುದು ರೂಢಿಯ ಕ್ರಮ. ಕಾರ್ನೌಬಾ ಕರಗುವುದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಚಕ್ರದ ಘರ್ಷಣೆಯ ಬಿಸಿಯೇ ಅದನ್ನು ಹರಡುತ್ತದೆ. ಟ್ರಿಪೊಲಿ ಮಾತ್ರ ಮುದ್ರೆಯ ಹತ್ತಿರ ಸುಳಿಯಬಾರದು. ಅದು ಮರವನ್ನೇ ಸವೆಸುವ ವಸ್ತು. ಮುದ್ರೆಯ ಮೇಲೆ ಕೈಯಿಂದ ಮೇಣ ಹಚ್ಚಿ, ಮೆತ್ತನೆ ಬಟ್ಟೆಯಿಂದ ಉಜ್ಜಿ, ಅಷ್ಟೇ. ಪೈಪನ್ನು ಬಿಗಿಯಾಗಿ ಹಿಡಿಯಿರಿ, ಚಕ್ರ ಕಿತ್ತುಕೊಂಡರೆ ಗೋಡೆಗೆ ಬಡಿಯುತ್ತದೆ. ಸ್ಯಾಂಡ್‌ಬ್ಲಾಸ್ಟ್ ಮೈಯ ತಗ್ಗುಗಳಲ್ಲಿ ಗಟ್ಟಿ ಮೇಣ ಬಿಳಿಯಾಗಿ ಕೂರುತ್ತದೆ, ಅಲ್ಲಿಗೆ ಮೆದು ಮೇಣ ಮತ್ತು ಬ್ರಷ್ ಒಳ್ಳೆಯದು.

ಈ ಕ್ರಮ ಒಗ್ಗದ ಪೈಪ್‌ಗಳು

ಮೀರ್ಶಾಮ್ ಬಿಳಿ ಖನಿಜ, ಹೆಸರಾದ ಗಣಿಗಳು ಟರ್ಕಿಯ ಎಸ್ಕಿಶೆಹಿರ್ ಬಳಿ ಇವೆ. ಅದು ನೀರು, ಆಲ್ಕೊಹಾಲ್ ಎರಡನ್ನೂ ಹೀರುತ್ತದೆ. ನೆನೆಸಬೇಡಿ, ಒಣದಾಗಿಯೇ ಕೆರೆಯಿರಿ. ಇದರಲ್ಲಿ ಕೇಕ್ ಚೂರೂ ಉಳಿಸಬಾರದು. ಹೊರಗಿನ ಜೇನುಬಣ್ಣ ಕೊಳೆಯಲ್ಲ, ವರ್ಷಗಳ ಗಳಿಕೆ. ಅದನ್ನು ತೆಗೆಯಲು ಹೊರಟರೆ ಬೆಲೆಯೂ ಹೋಗುತ್ತದೆ.

ಮಣ್ಣಿನ ಪೈಪಿನ ಲೆಕ್ಕವೇ ಬೇರೆ. ಇಂಗ್ಲಿಷ್ ಮಣ್ಣಿನ ಪೈಪ್‌ಗಳ ಕೊಳವೆ ರಂಧ್ರ 17ನೇ ಶತಮಾನದಿಂದ 18ನೇ ಶತಮಾನಕ್ಕೆ ಬರುವಾಗ ಕಿರಿದಾಗುತ್ತಾ ಹೋಯಿತು. ಇದನ್ನು ಪುರಾತತ್ವಜ್ಞ ಜೆ. ಸಿ. ಹ್ಯಾರಿಂಗ್ಟನ್ 1954ರಲ್ಲಿ ತೋರಿಸಿದರು. ಆಮೇಲೆ ಲೂಯಿಸ್ ಬಿನ್‌ಫರ್ಡ್ ಅದಕ್ಕೊಂದು ಸೂತ್ರ ಕೊಟ್ಟರು: ರಂಧ್ರದ ಸರಾಸರಿ ವ್ಯಾಸವನ್ನು ಇಂಚಿನ 64ನೇ ಭಾಗದಲ್ಲಿ ಅಳೆದು, 38.26ರಿಂದ ಗುಣಿಸಿ, 1931.85ರಿಂದ ಕಳೆಯಿರಿ. ಸರಾಸರಿ 6 ಬಂದರೆ ಸುಮಾರು 1702. ಒಂದೇ ತುಂಡಿಗೆ ಇದು ನಡೆಯುವುದಿಲ್ಲ, ಒಂದೇ ಜಾಗದ ಹತ್ತಾರು ತುಂಡು ಬೇಕು.

ಇಡುವುದು

ಕೆಲಸ ಮುಗಿದ ಪೈಪನ್ನು ನೇರ ಬಿಸಿಲು ಬೀಳದ ಕಡೆ ಇಡಿ. ಕಿಟಕಿ ಪಕ್ಕದ ಗಾಜಿನ ಕಪಾಟು ನೋಡಲು ಚೆಂದ, ವಲ್ಕನೈಟ್ ಮಾತ್ರ ಮತ್ತೆ ಪಾಚಿಗಟ್ಟುತ್ತದೆ. ಸ್ಟೆಮ್ಮಿಗೆ ಆಗಾಗ ಒಂದು ಹನಿ ಮಿನರಲ್ ಆಯಿಲ್ ಸವರಿ. ಅಡುಗೆ ಎಣ್ಣೆ ಬೇಡ, ಕಮಟು ವಾಸನೆ ಬರುತ್ತದೆ. ಪ್ರತಿ ಪೈಪಿಗೂ ಒಂದು ಚೀಟಿ ಕಟ್ಟಿ: ಮುದ್ರೆಯ ಪೂರ್ತಿ ಪಾಠ, ನೀವು ಕೊಟ್ಟ ಕಾಲ, ಅದಕ್ಕೆ ಆಧಾರ, ನೀವು ಏನು ಬದಲಿಸಿದಿರಿ. ಸ್ಟೆಮ್ ಬದಲಿಯಾಗಿದ್ದರೆ, ರಿಮ್ ಉಜ್ಜಿದ್ದರೆ ಅದನ್ನೂ ಬರೆಯಿರಿ. ಮುಂದೆ ಮಾರುವಾಗ ಆ ಚೀಟಿಯನ್ನೂ ಜೊತೆಗೇ ಕೊಡಿ.